ಆಪ್ತಸಲಹೆ ಪ್ರಕರಣ: ನಾಟಿ ಬೇಡ ಅಂದ ತಾಯಿ

ಆ ತಾಯಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಮಂಡ್ಯ ಕಡೆಯ ಒಂದು ಹಳ್ಳಿಯಿಂದ ಮಗ ಅವರನ್ನು ಮೈಸೂರಿಗೆ ಕರೆತಂದಿದ್ದ. ವಯಸ್ಸು ಅರವತ್ತರ ಹತ್ತಿರ. ಗಂಡ ತೀರಿಕೊಂಡು 3 ವರ್ಷ. ನಾಲೆ ನೀರಿನ 2 ಎಕರೆ ಗದ್ದೆ ಇದೆ. ಮಗ ಕೂತ ಕೂಡಲೇ ಹೇಳಿದ, "ಮೇಡಂ, ನಾಲೆಗೆ ನೀರು ಬಿಟ್ಟವ್ರೆ. ಸುತ್ತಮುತ್ತ ಎಲ್ರೂ ಒಟ್ಲು ಬಿಟ್ಟಾಯ್ತು. ನಮ್ಮವ್ವ ಬ್ಯಾಡ ಅಂತಾಳೆ."

ಯಾಕಮ್ಮ ಅಂತ ತಾಯಿಯನ್ನೇ ಕೇಳಿದೆ.

"ಕುಯ್ಯೋ ಹೊತ್ತಿಗೆ ನಾವಿಲ್ಲಿ ಇರಾಕಿಲ್ಲ ಕಣವ್ವ. ಕರ್ತ ಬತ್ತಾನೆ. ಡಿಸೆಂಬರ್ ದಾಟಾಕಿಲ್ಲ."

ನಾನೂ ಕ್ರೈಸ್ತಳೇ. ಕರ್ತನ ಎರಡನೇ ಬರೋಣವನ್ನು, ಅಂದರೆ ಯೇಸು ಮತ್ತೆ ಬರುತ್ತಾನೆ ಅನ್ನುವುದನ್ನು ನಂಬುವವಳೇ. ಆದರೆ ಕಾಯುತ್ತಿದ್ದವನು ಬರುತ್ತಾನೆ ಅನ್ನುವವರ ಮುಖದಲ್ಲಿ ಸಂತೋಷ ಇರಬೇಕು ಅಲ್ವಾ? ಇವರ ಕೈ ನಡುಗುತ್ತಿತ್ತು. ಆ ನಡುಕವನ್ನೇ ಹಿಡಿದು ಹೋಗಬೇಕು ಅಂತ ಆಗಲೇ ನಿರ್ಧರಿಸಿದೆ.

ಮೊದಲ ದಿನ ವಾದಕ್ಕೆ ಇಳಿಯಲಿಲ್ಲ. ಸುಮ್ನೆ ಕೇಳಿಸಿಕೊಂಡೆ. ಗಂಡ ಹೋದ ಮೇಲೆ ಪರಿಚಯದವರೊಬ್ಬರು ಇವರನ್ನು ಫೋನಿನ ಪ್ರಾರ್ಥನಾ ಗುಂಪಿಗೆ ಸೇರಿಸಿದ್ದರು. ದಿನಾ ಬೆಳಗಿನ ಜಾವ ಒಬ್ಬ ಬೋಧಕನ ವಾಯ್ಸ್ ಮೆಸೇಜ್ ಬರುತ್ತಿತ್ತು. ಶುರುವಿನಲ್ಲಿ ಬರೀ ಸಮಾಧಾನದ ಮಾತು. ಆಮೇಲೆ ಭಯದ ಮಾತು. ರೇಷನ್ನಿಗೆ ಬೆರಳು ಒತ್ತುವುದೂ ಮೃಗದ ಗುರುತು, ಅಂದರೆ ಕಡೆಯ ಕಾಲದಲ್ಲಿ ಸೈತಾನನ ಕಡೆಯವರಿಗೆ ಬೀಳುವ ಗುರುತು ಅಂದ. ಇವರು ನ್ಯಾಯಬೆಲೆ ಅಂಗಡಿಗೆ ಹೋಗುವುದನ್ನು ಬಿಟ್ಟರು. ನಂಬಿಕೆ ಇದ್ದರೆ ಮಾತ್ರೆ ಯಾಕೆ ಅಂದ. ಬಿಪಿ ಮಾತ್ರೆ ನಿಂತಿತು. ಒಡವೆ ಅಡವಿಟ್ಟು 80,000 ರೂಪಾಯಿ ಕಳಿಸಿದ್ದರು. ಸೊಸೆ ಗುಂಪಿಗೆ ಸೇರಲಿಲ್ಲ ಅಂತ ಅವಳು ಬಡಿಸಿದರೆ ಉಣ್ಣುತ್ತಿರಲಿಲ್ಲ.

ನಿದ್ದೆ, ಊಟ, ಸಾಯುವ ಯೋಚನೆ, ಇಲ್ಲದ ಧ್ವನಿ ಕೇಳಿಸುವುದು, ಎಲ್ಲವನ್ನೂ ವಿಚಾರಿಸಿದೆ. ಮನೋವೈದ್ಯರ ಬಳಿ ಕಳಿಸುವಂಥದ್ದು ಕಾಣಲಿಲ್ಲ. ಬಿಪಿ ಮಾತ್ರ ಜಾಸ್ತಿ ಇತ್ತು. ಅವತ್ತೇ ವೈದ್ಯರಿಗೆ ತೋರಿಸಿದೆವು. ಸುವಾರ್ತೆ ಬರೆದ ಲೂಕನೇ ವೈದ್ಯ ಅಂತ ನೆನಪಿಸಿದೆ. ಮಾತ್ರೆ ನುಂಗಿದರು.

ನಿಜವಾದ ಮಾತು ಹೊರಬಂದದ್ದು ಎರಡನೇ ಭೇಟಿಯಲ್ಲಿ. ಮಗನನ್ನು ಹೊರಗೆ ಕೂರಿಸಿದ್ದೆ. ತುಂಬ ಹೊತ್ತು ಸೆರಗಿನ ತುದಿ ಸುತ್ತುತ್ತಾ ಕೂತಿದ್ದವರು ಕೇಳಿದರು, "ನಮ್ಮ ಯಜಮಾನ್ರು ನರಕಕ್ಕೆ ಹೋದ್ರಾ ಕಣವ್ವ?"

ಅವರದು ತಲೆಮಾರಿನಿಂದ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮನೆತನ. ಗಂಡನಿಗೆ ಕೂಸಿದ್ದಾಗಲೇ ದೀಕ್ಷಾಸ್ನಾನ ಆಗಿತ್ತು. ಅದು ಲೆಕ್ಕಕ್ಕಿಲ್ಲ, ನೀರಿನಲ್ಲಿ ಮುಳುಗಿ ಎದ್ದಿಲ್ಲ, ಅವನು ನಾಶವಾದ ಅಂತ ಬೋಧಕ ಹೇಳಿದ್ದ. ನೀನಾದರೂ ಉಳಿಯಬೇಕಾದರೆ ನಮ್ಮ ಗುಂಪಿನಲ್ಲೇ ಇರು, ಕಾಣಿಕೆ ನಿಲ್ಲಿಸಬೇಡ ಅಂದಿದ್ದ. ಡಿಸೆಂಬರ್, ಮೃಗ, ಗದ್ದೆ ಎಲ್ಲದರ ಬುಡದಲ್ಲಿ ಇದ್ದದ್ದು ಈ ಒಂದು ಪ್ರಶ್ನೆ. ತಾರೀಖು ಸುಳ್ಳು ಅಂತ ಸಾಧಿಸಿದ್ದರೆ ಈ ಗಾಯಕ್ಕೆ ಏನೂ ಆಗುತ್ತಿರಲಿಲ್ಲ.

ಮಕ್ಕಳ ದೀಕ್ಷಾಸ್ನಾನದ ಬಗ್ಗೆ ಸಭೆಗಳಲ್ಲಿ ಪ್ರಾಮಾಣಿಕ ಭಿನ್ನಾಭಿಪ್ರಾಯ ಇದೆ. ಸಿಎಸ್‌ಐ, ಕಥೋಲಿಕರು ಕೂಸುಗಳಿಗೂ ಕೊಡುತ್ತಾರೆ. ಬ್ಯಾಪ್ಟಿಸ್ಟರು, ಪೆಂಟೆಕೋಸ್ತರು ತಿಳುವಳಿಕೆ ಬಂದವರಿಗೆ ಮುಳುಗಿಸಿ ಕೊಡುತ್ತಾರೆ. ಅದನ್ನು ಸುಳ್ಳು ಬೋಧನೆ ಅನ್ನಲಾರೆ. ಆದರೆ ವಿಧವೆಯ ದುಃಖವನ್ನು ಹಿಡಿದು ರಕ್ಷಣೆಗೆ ಬೆಲೆ ಕಟ್ಟುವುದಿದೆಯಲ್ಲ, ಅದು ಸುಳ್ಳು ಬೋಧನೆ. ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ. ಅದು ದೇವರ ವರ, ನಮ್ಮ ಸಂಪಾದನೆಯಲ್ಲ ಅಂತ ಬೈಬಲಿನಲ್ಲಿ ಅಪೊಸ್ತಲ ಪೌಲ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯ ಹೇಳುತ್ತದೆ. ಅದನ್ನು ಅವರ ಕೈಲೇ ಓದಿಸಿದೆ. ಆಮೇಲೆ ಲೂಕನ 23ನೇ ಅಧ್ಯಾಯ. ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳ ಯಾವ ನೀರಿನಲ್ಲೂ ಮುಳುಗಲಿಲ್ಲ, ಯಾವ ಕಾಣಿಕೆಯನ್ನೂ ಕೊಡಲಿಲ್ಲ. ನನ್ನನ್ನು ನೆನಪಿಸಿಕೋ ಅಂದ, ಅಷ್ಟೇ.

"ನಿಮ್ಮ ಯಜಮಾನರು ಎಲ್ಲಿದ್ದಾರೆ ಅಂತ ತೀರ್ಪು ಕೊಡುವ ಅಧಿಕಾರ ನನಗಿಲ್ಲ ಅಮ್ಮ. ಆ ಬೋಧಕನಿಗೂ ಇಲ್ಲ. ಅವರು ಹೇಗೆ ಪ್ರಾರ್ಥನೆ ಮಾಡುತ್ತಿದ್ದರು ಹೇಳಿ" ಅಂದೆ. ಕಡೆಯ ವಾರ ಆಸ್ಪತ್ರೆಯಲ್ಲಿ ಅವರು ಯೇಸುವಿನ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದದ್ದನ್ನು ಹೇಳುತ್ತಾ ಹೇಳುತ್ತಾ ಅತ್ತರು. 3 ವರ್ಷದಿಂದ ಅಳು ಬಂದಿರಲಿಲ್ಲವಂತೆ. ಆ ದಿನ ಬೇರೇನೂ ಮಾತಾಡಲಿಲ್ಲ.

ತಾರೀಖಿನ ವಿಷಯ ಎತ್ತಿದ್ದು ಮೂರನೇ ಭೇಟಿಯಲ್ಲಿ. ಈ ಬೋಧಕ ಮೊದಲೂ ಒಂದು ದಿನ ಹೇಳಿದ್ದನಂತೆ, ಈಸ್ಟರ್ ಅಂತ. ಅದು ದಾಟಿದ ಮೇಲೆ, ನಮ್ಮ ಪ್ರಾರ್ಥನೆಯಿಂದ ಮುಂದಕ್ಕೆ ಹೋಯಿತು ಅಂದನಂತೆ. ಧರ್ಮೋಪದೇಶಕಾಂಡ 18ರ ಕೊನೆಯ ವಚನ ತೋರಿಸಿದೆ. ಪ್ರವಾದಿ ಕರ್ತನ ಹೆಸರಿನಲ್ಲಿ ಹೇಳಿದ್ದು ನಡೆಯದಿದ್ದರೆ ಅದು ಕರ್ತನ ಮಾತಲ್ಲ, ಅವನಿಗೆ ಹೆದರಬೇಡಿ ಅಂತ ಅಲ್ಲಿದೆ. "ಹೆದರಬ್ಯಾಡಿ ಅಂತ್ಲೇ ಬರ್ದದಾ?" ಅಂತ ಎರಡು ಸಲ ಕೇಳಿದರು.

ಅಮೆರಿಕದ ವಿಲಿಯಂ ಮಿಲ್ಲರ್ ಕಥೆಯನ್ನೂ ಹೇಳಿದೆ. ಅವನೂ ರೈತನೇ. ಸತ್ಯವೇದದ ಲೆಕ್ಕ ಹಾಕಿ ಕರ್ತನ ಬರೋಣದ ಕಾಲ ಸಾರಿದ. ಕೊನೆಗೆ ಅವನ ಬಳಗ 1844ರ ಅಕ್ಟೋಬರ್ 22 ಅಂತ ನಿಂತಿತು. ಕೆಲವು ರೈತರು ಬೆಳೆದ ಬೆಳೆಯನ್ನು ಗದ್ದೆಯಲ್ಲೇ ಬಿಟ್ಟರು. 23ನೇ ತಾರೀಖು ಎಂದಿನಂತೆ ಬೆಳಗಾಯಿತು. ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಅಂದ, ಅದು ದಾಟಿದ ಮೇಲೆ ಅಕ್ಟೋಬರ್ 21 ಅಂದ. ಮರುವರ್ಷ ತಪ್ಪಾಯಿತು ಅಂತ ಒಪ್ಪಿಕೊಂಡ. ಆ ದಿನ, ಆ ಗಳಿಗೆ ತಂದೆಗೆ ಹೊರತು ಯಾರಿಗೂ ತಿಳಿಯದು ಅಂತ ಯೇಸುವೇ ಹೇಳಿದ ಮೇಲೆ ನಮಗೇಕೆ ಈ ಲೆಕ್ಕ?

ಅವರ ಮನಸ್ಸಿಗೆ ನಾಟಿದ್ದು ಮಾತ್ರ ಯಾಕೋಬನ ಪತ್ರ, 5ನೇ ಅಧ್ಯಾಯದ 7ನೇ ವಚನ. ಕರ್ತನ ಬರೋಣಕ್ಕೆ ತಾಳ್ಮೆಯಿಂದ ಕಾಯಿರಿ ಅಂತ ಹೇಳಿ ಯಾಕೋಬ ಅಲ್ಲಿ ತೋರಿಸುವುದು ಒಬ್ಬ ರೈತನನ್ನು, ಮುಂಗಾರು ಹಿಂಗಾರು ಮಳೆಗೆ ಕಾಯುವವನನ್ನು. "ಬಿತ್ತದೇ ಇದ್ದವನು ಯಾವುದಕ್ಕಮ್ಮ ಕಾಯೋದು?" ಅಂದೆ. ಅವರು ಮಾತಾಡಲಿಲ್ಲ. ಪುಸ್ತಕದೊಳಗೆ ಬಸ್ ಟಿಕೆಟ್ ಗುರುತಿಟ್ಟುಕೊಂಡರು.

ಕೊಟ್ಟ ಸಲಹೆ ಇಷ್ಟು. ಒಂದು ತಿಂಗಳು ಆ ಗುಂಪನ್ನು ಮ್ಯೂಟ್ ಮಾಡಿ ಅಂದೆ. ಬಿಟ್ಟುಬಿಡಿ ಅಂದಿದ್ದರೆ ಹೆದರುತ್ತಿದ್ದರು. ಬಿಡಿ ವಚನ ಕೇಳುವ ಬದಲು ಥೆಸಲೊನೀಕದವರಿಗೆ ಬರೆದ ಎರಡೂ ಪತ್ರ ಪೂರ್ತಿ ಓದಿ. ದುಡಿಮೆ ಬಿಟ್ಟವರಿಗೆ ಪೌಲ ಏನು ಹೇಳುತ್ತಾನೆ ನೋಡಿ ಅಂದೆ. ಮಗನಿಗೆ ಕೇಳದೆ ದುಡ್ಡು ಕಳಿಸುವುದು ಬೇಡ, ಪಹಣಿ ಪತ್ರ ಯಾರ ಕೈಗೂ ಕೊಡುವುದು ಬೇಡ. ಏನೇ ಹೊಸ ಬೋಧನೆ ಕೇಳಿದರೂ ಸಭೆಯ ಅಯ್ಯನವರ ಮುಂದಿಟ್ಟು ಕೇಳಿ. ಪೌಲ ಹೇಳಿದ್ದನ್ನೇ ಬೆರೋಯ ಅನ್ನುವ ಊರಿನವರು ದಿನಾ ಶಾಸ್ತ್ರ ನೋಡಿ ಪರೀಕ್ಷಿಸಿದರು. ಅದಕ್ಕೆ ಅವರಿಗೆ ಹೊಗಳಿಕೆ ಸಿಕ್ಕಿತು.

ಮಗನಿಗೆ ಬೇರೆಯಾಗಿ ಹೇಳಿದೆ. ಅವನು ಅವ್ವನನ್ನು ಎಲ್ಲರೆದುರು ಗೇಲಿ ಮಾಡುತ್ತಿದ್ದ. ಆ ಬೋಧಕ ದಿನಾ ಬೆಳಗ್ಗೆ ಇವರನ್ನು ಅಮ್ಮ ಅಂತ ಮಾತಾಡಿಸುತ್ತಿದ್ದ, ನೀನು ಮಾತಾಡಿಸುತ್ತಿದ್ದೆಯಾ ಅಂತ ಕೇಳಿದೆ. ತಲೆ ತಗ್ಗಿಸಿದ. ಭಾನುವಾರ ಜೊತೆಗೆ ದೇವಾಲಯಕ್ಕೆ ಹೋಗು, ಅಪ್ಪನ ಸಮಾಧಿಗೆ ಕರೆದುಕೊಂಡು ಹೋಗು ಅಂದೆ.

ಎಲ್ಲವೂ ಸರಿಹೋಗಿಲ್ಲ. ದುಡ್ಡು ವಾಪಸ್ ಬಂದಿಲ್ಲ. ಗುಡುಗಿದರೆ ಈಗಲೂ ಎದ್ದು ಕೂರುತ್ತಾರೆ. ಸೊಸೆ ಬಡಿಸಿದರೆ ಈಗ ಉಣ್ಣುತ್ತಾರೆ, ಮಾತು ಇನ್ನೂ ಕಡಿಮೆಯೇ. ನಾಟಿಯೂ ತಡವಾಯಿತು. ಪಕ್ಕದ ಗದ್ದೆಯವರು ಮಿಕ್ಕ ಪೈರು ಕೊಟ್ಟಿದ್ದರಿಂದ 1 ಎಕರೆಗೆ ಸಾಕಾಯಿತು.

ಕಳೆದ ಸಲ ಬಂದಾಗ ಕೇಳಿದರು, "ಕರ್ತ ಬಂದಾಗ ನಾನು ಗದ್ದೇಲಿ ಇದ್ರೆ?" ಮತ್ತಾಯನ 24ನೇ ಅಧ್ಯಾಯ ತೆರೆದು 40ನೇ ವಚನ ತೋರಿಸಿದೆ. ಇಬ್ಬರು ಹೊಲದಲ್ಲಿರುವರು ಅಂತ ಶುರುವಾಗುವ ಸಾಲು. ಬೆರಳಿಟ್ಟು ನಿಧಾನವಾಗಿ ಓದಿದರು. "ಹಂಗಾದ್ರೆ ಗದ್ದೆಯಿಂದ್ಲೇ ಕರ್ಕೊಂಡೋಯ್ತಾನೆ" ಅಂದರು. ಕಳೆ ಕೀಳಿಸುವುದಿದೆ, ಆಳುಗಳು ಬಂದಿರುತ್ತಾರೆ ಅಂತ ಹನ್ನೊಂದು ಗಂಟೆ ಬಸ್ಸಿಗೆ ಎದ್ದು ಹೊರಟರು.