ಓಟದ ಟೈಮಿಂಗ್ ಹಿಡಿದು ಕಾಲೇಜು ಹುಡುಕುವುದು

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗ 11ನೇ ಗ್ರೇಡು. 1600 ಮೀಟರ್ 4:28ರಲ್ಲಿ, 3200 ಮೀಟರ್ 9:45ರಲ್ಲಿ ಓಡುತ್ತಾನೆ. ಜಿಪಿಎ 3.8. ಕಂಪ್ಯೂಟರ್ ಸೈನ್ಸ್ ಓದುವ ಆಸೆ. ಓಟದಿಂದ ಸ್ಕಾಲರ್‌ಶಿಪ್ ಸಿಗುತ್ತದೆಯೆ? ಕಾಲೇಜು ಆರಿಸಲು ಅದು ನೆರವಾಗುತ್ತದೆಯೆ?

ಉತ್ತರ: ಸ್ಕಾಲರ್‌ಶಿಪ್ ಲೆಕ್ಕ ಬಿಟ್ಟುಬಿಡಿ. ಈ ಟೈಮಿಂಗ್ ಉಪಯೋಗಕ್ಕೆ ಬಂದರೆ ಸೀಟಿಗೇ. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಕಾಲೇಜುಗಳನ್ನು ಡಿವಿಷನ್ 1, 2, 3 ಎಂದು ವಿಂಗಡಿಸಿರುತ್ತಾರೆ. ಡಿವಿಷನ್ 1ರ ಬಲವಾದ ತಂಡಗಳಿಗೆ 4:28 ಸಾಲದು. ಮಗನಿಗೆ ದಾರಿ ಇರುವುದು ಡಿವಿಷನ್ 3ರಲ್ಲಿ. ಅಲ್ಲಿ ಆಟಕ್ಕೆಂದು ದುಡ್ಡು ಕೊಡುವಂತಿಲ್ಲ, ಓದಿಗೆ ಮತ್ತು ಮನೆಯ ಆದಾಯ ನೋಡಿ ಕೊಡುತ್ತಾರೆ. ‘3’ ಎಂದೊಡನೆ ಮೂರನೇ ದರ್ಜೆ ಎಂದುಕೊಳ್ಳುವವರು ನಮ್ಮಲ್ಲಿ ಬಹಳ. ಎಂಐಟಿ, ಕಾರ್ನೆಗಿ ಮೆಲನ್, ಶಿಕಾಗೊ ವಿಶ್ವವಿದ್ಯಾಲಯ ಎಲ್ಲವೂ ಅದರಲ್ಲೇ ಇವೆ.

ಮೊದಲು ಓದು, ಊರು, ಖರ್ಚು ನೋಡಿ ಹದಿನೈದಿಪ್ಪತ್ತು ಕಾಲೇಜುಗಳ ಪಟ್ಟಿ ಮಾಡಿ. ಆಮೇಲೆ ಕಾಲೇಜು ಓಟಗಳ ಫಲಿತಾಂಶ ಹಾಕುವ ಟಿಎಫ್‌ಆರ್‌ಆರ್‌ಎಸ್ (TFRRS) ಸೈಟಿನಲ್ಲಿ ಆ ತಂಡಗಳ ಫಲಿತಾಂಶ ತೆರೆಯಿರಿ. ಕ್ರಾಸ್ ಕಂಟ್ರಿಯಲ್ಲಿ, ಅಂದರೆ ಟ್ರ್ಯಾಕ್ ಬಿಟ್ಟು ಹುಲ್ಲು, ಗುಡ್ಡಗಳಲ್ಲಿ ಓಡುವ ದೂರದ ಓಟದಲ್ಲಿ, ತಂಡಕ್ಕೆ ಏಳು ಜನ ಓಡುತ್ತಾರೆ, ಅಂಕ ಎಣಿಸುವುದು ಮೊದಲ ಐವರದು. ಹಾಗಾಗಿ ತಂಡದ ಹೀರೋನನ್ನು ಬಿಡಿ, ಐದನೆಯವನನ್ನೂ ಏಳನೆಯವನನ್ನೂ ನೋಡಿ. ಅವರು ಹೈಸ್ಕೂಲಿನಲ್ಲಿ 1600 ಎಷ್ಟರಲ್ಲಿ ಓಡಿದ್ದರು ಎಂಬುದು ಸಾಮಾನ್ಯವಾಗಿ ಅಥ್ಲೆಟಿಕ್ ಡಾಟ್ ನೆಟ್ ಎಂಬ ಸೈಟಿನಲ್ಲಿ ಸಿಗುತ್ತದೆ. ಅದು 4:25–4:30ರ ಆಸುಪಾಸಿದ್ದರೆ ಆ ಕಾಲೇಜನ್ನು ಪಟ್ಟಿಯಲ್ಲಿ ಮೇಲಕ್ಕೆ ತನ್ನಿ. ಕಾಲೇಜಿನ ಟ್ರ್ಯಾಕ್‌ನಲ್ಲಿ ಓಡುವುದು 1500. ಮಗನ 4:28 ಅಲ್ಲಿ ಸುಮಾರು 4:10. ಇದನ್ನು ಮರೆತು ಹೋಲಿಸಿದರೆ ಹುಡುಗ ಸುಮ್ಮನೆ ಹದಿನೆಂಟು ಸೆಕೆಂಡು ಹಿಂದೆ ಬಿದ್ದಂತೆ ಕಾಣುತ್ತಾನೆ. ಕ್ರಾಸ್ ಕಂಟ್ರಿ ಟೈಮಿಂಗ್‌ಗಳನ್ನಂತೂ ಹೋಲಿಸಲೇಬೇಡಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಪಾಟು ಹುಲ್ಲು.

ಕೋಚ್‌ಗೆ ಮಗನೇ ಮೇಲ್ ಬರೆಯಲಿ. ಅಪ್ಪ ಅಮ್ಮ ಬರೆದದ್ದು ಎರಡನೇ ಸಾಲಿಗೇ ಗೊತ್ತಾಗುತ್ತದೆ. ಸಬ್ಜೆಕ್ಟ್ ಸಾಲಿನಲ್ಲೇ ಹೈಸ್ಕೂಲು ಮುಗಿಸುವ ವರ್ಷ, 1600, 3200, ಜಿಪಿಎ ಇರಲಿ. ಮೇಲ್‌ನೊಳಗೆ ಕಳೆದ ವರ್ಷದ ಟೈಮಿಂಗನ್ನೂ ವಾರಕ್ಕೆ ಎಷ್ಟು ಮೈಲಿ ಓಡುತ್ತಾನೆ ಎಂಬುದನ್ನೂ ಬರೆಯಲಿ. ವಾರಕ್ಕೆ 30 ಮೈಲಿ ಓಡಿಯೇ 4:28 ತೆಗೆದವನು ಇನ್ನೂ ಇಳಿಸಬಲ್ಲ. 60 ಮೈಲಿ ಓಡಿ ಅಲ್ಲೇ ನಿಂತವನ ಬಗ್ಗೆ ಕೋಚ್‌ಗೆ ಆ ನಂಬಿಕೆ ಇರುವುದಿಲ್ಲ.

11 ಮುಗಿದ ಬೇಸಿಗೆಯಲ್ಲಿ, ಸಾಮಾನ್ಯವಾಗಿ ಜುಲೈನಿಂದ, ಡಿವಿಷನ್ 3ರ ಹಲವು ಕೋಚ್‌ಗಳು ಮಾರ್ಕ್ಸ್ ಕಾರ್ಡನ್ನು ಅಡ್ಮಿಷನ್ ಆಫೀಸಿಗೆ ತೋರಿಸಿ ಅಭಿಪ್ರಾಯ ಕೇಳುತ್ತಾರೆ. ಇದಕ್ಕೆ ಪ್ರೀ-ರೀಡ್ ಅನ್ನುತ್ತಾರೆ. ಆಗ ಸಂಕೋಚ ಬಿಟ್ಟು ಕೇಳಬೇಕಾದ್ದು: “ಅಡ್ಮಿಷನ್‌ಗೆ ನಿಮ್ಮ ಬೆಂಬಲ ಇರುತ್ತದೆಯೋ, ಅಥವಾ ಸೀಟು ಸಿಕ್ಕ ಮೇಲೆ ತಂಡಕ್ಕೆ ಬಾ ಅನ್ನುತ್ತಿದ್ದೀರೋ?” ಎರಡಕ್ಕೂ ಅಜಗಜಾಂತರ. ಕೋಚ್ ಬಾಯಿಮಾತಿನಲ್ಲಿ ಹೂಂ ಅಂದದ್ದು ಸೀಟಲ್ಲ. ಬೆಂಬಲ ಕೊಡುವವರು ಎಷ್ಟೋ ಸಲ ಅರ್ಲಿ ಡಿಸಿಷನ್‌ನಲ್ಲೇ ಅರ್ಜಿ ಹಾಕು ಅನ್ನುತ್ತಾರೆ. ಅಲ್ಲಿ ಸೀಟು ಸಿಕ್ಕರೆ ಸಾಮಾನ್ಯವಾಗಿ ಸೇರಲೇಬೇಕು, ಬೇರೆ ಕಾಲೇಜಿನ ಫೀಸಿನೊಂದಿಗೆ ತೂಗಿ ನೋಡಲು ಅವಕಾಶವಿಲ್ಲ. ಆದ್ದರಿಂದ ಅದಕ್ಕೂ ಮುಂಚೆ ಆ ಕಾಲೇಜಿನ ಸೈಟಿನಲ್ಲಿರುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ನಲ್ಲಿ ಮನೆಯ ಆದಾಯ ಹಾಕಿ, ನೆರವು ಕಳೆದು ನಿಮಗೆ ಬೀಳುವ ಖರ್ಚು ಅಂದಾಜು ಎಷ್ಟೆಂದು ನೋಡಿಕೊಳ್ಳಿ.

ಪ್ರಶ್ನೆ: ಮಗಳ ಓಟದ ವಿಡಿಯೋ ಮಾಡಿಸಿ ಕಾಲೇಜುಗಳಿಗೆ ಕಳಿಸುವುದಾಗಿ ಏಜೆನ್ಸಿಯೊಂದು ದುಡ್ಡು ಕೇಳುತ್ತಿದೆ. ಕೊಡಬಹುದೆ?

ಉತ್ತರ: ಬೇಡ. ಫುಟ್‌ಬಾಲಿಗೆ ವಿಡಿಯೋ ಬೇಕು, ಓಟಕ್ಕೆ ಗಡಿಯಾರ ಸಾಕು. ಎಲೆಕ್ಟ್ರಾನಿಕ್ ಟೈಮಿಂಗ್ ಇರುವ ಕೂಟದ ಫಲಿತಾಂಶದ ಲಿಂಕ್ ಹಾಕಿ ಅವಳೇ ಮೇಲ್ ಮಾಡಲಿ.