ಮಾರ್ಸೇ ಮೇಯರ್ ಚುನಾವಣೆ: ಮೊದಲ ಸುತ್ತಿನಲ್ಲಿ ಇಷ್ಟವಾದವರಿಗೆ ಓಟು ಹಾಕಲೇ, ಗೆಲ್ಲುವವರಿಗೆ ಹಾಕಲೇ?

(2026ರ ಮಾರ್ಚ್ ಚುನಾವಣೆಗೆ ಮುಂಚೆ ಓದುಗರೊಬ್ಬರಿಗೆ ಬರೆದ ಉತ್ತರ.) ಫ್ರಾನ್ಸಿನ ಮಾರ್ಸೇ ಊರಿನ ಚುನಾವಣೆಯಲ್ಲಿ ಮೊದಲ ಸುತ್ತಿಗೆ ಇಷ್ಟವಾದವರಿಗೆ ಹಾಕಲೇ, ಗೆಲ್ಲುವವರಿಗೆ ಹಾಕಲೇ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ 2020ರಲ್ಲಿ ನಾನೇ ಬರೆದಿದ್ದೇನೋ ಅನ್ನುವ ಹಾಗಿದೆ. ಹೊಸದಾಗಿ ಬಂದ ಫ್ರೆಂಚ್ ಪೌರತ್ವ, ಮೊದಲ ನಗರಪಾಲಿಕೆ ಚುನಾವಣೆ, ಊರೆಲ್ಲ ಜಿದ್ದಾಜಿದ್ದಿ, ಓಟು ದಂಡ ಆಗಬಾರದು ಅನ್ನೋ ಚಿಂತೆ. ಯಾರಿಗೆ ಹಾಕಬೇಕು ಅನ್ನೋದು ಆಮೇಲಿನ ಮಾತು. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಯಾವ ವಿಳಾಸಕ್ಕಿದೆ ಅಂತ ನೋಡಿದ್ದೀರಾ?

ನಾನು ನೋಡಿರಲಿಲ್ಲ. 2019ರಲ್ಲಿ 5ನೇ ಅರೋಂದಿಸ್ಮಾಂನ (ಅಂದರೆ ಊರಿನ ಆಡಳಿತ ವಿಭಾಗದ) ತಿಮೋನ್ ಆಸ್ಪತ್ರೆ ಹತ್ತಿರದ ಮನೆ ಬಿಟ್ಟು 9ನೇ ಅರೋಂದಿಸ್ಮಾಂನ ಮಜಾರ್ಗ್‌ಗೆ ಬಂದೆ. ಲುಮಿನಿ ಕ್ಯಾಂಪಸ್ಸಿನ ಕೆಲಸಕ್ಕೆ ಅದು ಹತ್ತಿರ. ಬ್ಯಾಂಕು, ಕರೆಂಟು, ಇನ್ಶೂರೆನ್ಸು ಎಲ್ಲ ಕಡೆ ವಿಳಾಸ ಬದಲಿಸಿದೆ. ಮತದಾರರ ಪಟ್ಟಿ ಒಂದನ್ನು ಬಿಟ್ಟೆ. ಮರೆತು ಬಿಟ್ಟದ್ದಲ್ಲ, ಯೋಚಿಸಿಯೇ ಬಿಟ್ಟೆ. ಊರು ಒಂದೇ, ಮೇಯರ್ ಒಬ್ಬರೇ, ಯಾವ ಮತಗಟ್ಟೆಯಲ್ಲಿ ಹಾಕಿದರೇನು ಅಂದುಕೊಂಡೆ. ಆ ಚುನಾವಣೆಗೆ ಹೆಸರು ಸೇರಿಸಲು ಫೆಬ್ರವರಿ 7 ಕೊನೆ ದಿನ. ಸಹೋದ್ಯೋಗಿಯೊಬ್ಬರು ಊಟದ ಹೊತ್ತಿಗೆ ವಿಷಯ ಬಿಡಿಸಿ ಹೇಳುವಾಗ ಆ ದಿನ ಕಳೆದುಹೋಗಿತ್ತು.

ಅವರು ಹೇಳಿದ್ದು ಇಷ್ಟು. ಪ್ಯಾರಿಸ್, ಲಿಯೋಂ, ಮಾರ್ಸೇ ಮೂರಕ್ಕೂ 1982ರಲ್ಲಿ ಬೇರೆಯೇ ಕಾನೂನು ಮಾಡಿದ್ದರು. ಅದರ ಪ್ರಕಾರ ಮಾರ್ಸೇಯಲ್ಲಿ ನಡೆಯುತ್ತಿದ್ದದ್ದು ಒಂದು ಚುನಾವಣೆ ಅಲ್ಲ, ಎಂಟು. 16 ಅರೋಂದಿಸ್ಮಾಂಗಳು, ಎರಡೆರಡು ಸೇರಿ ಒಂದು ಸೆಕ್ಟರ್. ಪ್ರತಿ ಸೆಕ್ಟರಿಗೂ ಪಕ್ಷಗಳ ಬೇರೆ ಅಭ್ಯರ್ಥಿ ಪಟ್ಟಿ, ಬೇರೆ ಎಣಿಕೆ. ಒಂದು ಸೆಕ್ಟರಿನಲ್ಲಿ ಮೊದಲು ಬಂದ ಪಟ್ಟಿಗೆ ಅಲ್ಲಿನ ಅರ್ಧ ಸೀಟು ನೇರವಾಗಿ ಹೋಗುತ್ತಿತ್ತು. ಉಳಿದ ಅರ್ಧವನ್ನು ಓಟಿನ ಲೆಕ್ಕದಲ್ಲಿ ಶೇಕಡ 5 ದಾಟಿದ ಎಲ್ಲ ಪಟ್ಟಿಗಳಿಗೂ ಹಂಚುತ್ತಿದ್ದರು, ಗೆದ್ದವರಿಗೂ ಸೇರಿ. ಹೀಗೆ ಬಂದ 101 ಕೌನ್ಸಿಲರ್‌ಗಳು ಗುಪ್ತ ಮತದಿಂದ ಮೇಯರ್ ಆರಿಸುತ್ತಿದ್ದರು. ಅಂದರೆ ನಾನು ಮಜಾರ್ಗ್‌ನಲ್ಲಿ ಬಾಡಿಗೆ ಕಟ್ಟಿಕೊಂಡು, ಬಿಟ್ಟುಬಂದ ಮನೆಯ ಸೆಕ್ಟರಿನ ಎಣಿಕೆಗೆ ಓಟು ಹಾಕುವವನಾಗಿದ್ದೆ.

ನನಗೆ ಈ ಚುನಾವಣೆ ಸುಮ್ನೆ ಕುತೂಹಲದ ವಿಷಯ ಆಗಿರಲಿಲ್ಲ. ಕೊತ್ತಂಬರಿ, ಬೆಂಡೆಕಾಯಿ, ಹಸಿಮೆಣಸಿನಕಾಯಿಗೆ ನಾನು ಹೋಗುತ್ತಿದ್ದದ್ದು ನೊವಾಯ್ ಸಂತೆಗೆ. ಅದರ ಪಕ್ಕದ ಓಬಾನ್ಯ ಬೀದಿಯಲ್ಲಿ 2018ರ ನವೆಂಬರ್ 5ರಂದು ಹಳೇ ಕಟ್ಟಡಗಳು ಕುಸಿದು ಎಂಟು ಜನ ಸತ್ತರು. ಬೀದಿಗೆ ಬೇಲಿ ಹಾಕಿದರು. ಕೆಳಗಿನ ಚೌಕದಲ್ಲಿ ಜನ ಸತ್ತವರ ಫೋಟೋ ಇಟ್ಟು ಹೂವು ಇಡುತ್ತಿದ್ದರು. ಚೀಲ ಹಿಡಿದು ಅಲ್ಲಿ ನಿಂತಾಗ ಮೇಯರ್ ಚುನಾವಣೆ ಅಂದರೆ ಏನು ಅಂತ ನನಗೆ ಗೊತ್ತಾಯಿತು. 1995ರಿಂದ ಜಾನ್ ಕ್ಲೋದ್ ಗೋದ್ಯಾಂ ಒಬ್ಬರೇ ಮೇಯರ್. ಬದಲಾವಣೆ ಆಗಲೇಬೇಕು ಅಂತ ಎಡ ಮತ್ತು ಹಸಿರು ಪಕ್ಷಗಳ 'ಪ್ರೆಂತಾಂ ಮಾರ್ಸೆಯೆ' ಕೂಟಕ್ಕೆ ಮನಸ್ಸು ಕೊಟ್ಟಿದ್ದೆ.

ಮಾರ್ಚ್ 15ರಂದು ಕೊರೊನಾ ಭಯದ ನಡುವೆ, ಜೇಬಿನಲ್ಲಿ ಸ್ವಂತ ಪೆನ್ನಿಟ್ಟುಕೊಂಡು ಹಳೇ ಬಡಾವಣೆಯ ಶಾಲೆಗೆ ಹೋದೆ. ಮೇಜಿನ ಮೇಲೆ ಪಟ್ಟಿಗಳನ್ನು ಸಾಲಾಗಿ ಇಟ್ಟಿದ್ದರು. ಒಂದೇ ಎತ್ತಿಕೊಂಡರೆ ಗುಟ್ಟು ಉಳಿಯುವುದಿಲ್ಲ, ಹಾಗಾಗಿ ಹಲವು ಪಟ್ಟಿ ತೆಗೆದುಕೊಂಡು ಪರದೆ ಹಿಂದೆ ಹೋಗಿ ಒಂದನ್ನು ಲಕೋಟೆಗೆ ಹಾಕಿದೆ. ಪಾರದರ್ಶಕ ಪೆಟ್ಟಿಗೆಯೊಳಗೆ ಲಕೋಟೆ ಬಿತ್ತು, "ಆ ವೋತೇ" (ಮತ ಹಾಕಿದ್ದಾರೆ) ಅಂತ ಗಟ್ಟಿಯಾಗಿ ಕೂಗಿದರು, ಸಹಿ ಹಾಕಿದೆ. ಪಟ್ಟಿಯಲ್ಲಿದ್ದ ಒಬ್ಬರೂ ನಾನಿರುವ ಕಡೆಯವರಲ್ಲ.

ಎರಡನೇ ಸುತ್ತು ಜೂನ್ 28ಕ್ಕೆ ಹೋಯಿತು. ಮೂವರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ ಜನ ಮಾತ್ರ ಓಟು ಹಾಕಿದರು. ನನ್ನ ಹಳೇ ಸೆಕ್ಟರಿನಲ್ಲಿ ನಾನು ಓಟು ಹಾಕಿದ ಪಟ್ಟಿ ಗೆದ್ದಿತು. ನಾನು ವಾಸವಿದ್ದ 9–10ರ ಸೆಕ್ಟರಿನಲ್ಲಿ ಸೋತಿತು. ಊರಿನ ಒಟ್ಟು ಲೆಕ್ಕದಲ್ಲಿ ಕೂಟಕ್ಕೆ 42 ಸೀಟು, ಮಾರ್ಟಿನ್ ವಾಸಾಲ್ ಅವರ ಬಲಪಂಥೀಯರಿಗೆ 39. ವಾಸಾಲ್ ತಮ್ಮ ಸೆಕ್ಟರಿನಲ್ಲೇ ಸೋತರು. ಆದರೂ ಯಾರಿಗೂ ಬಹುಮತ ಇಲ್ಲ. ಅವರ ಪಕ್ಷ 75 ವರ್ಷದ ಗಿ ತೆಸಿಯೆ ಅವರನ್ನು ನಿಲ್ಲಿಸಿತು, ಯಾಕೆಂದರೆ ಕೊನೆಗೆ ಓಟು ಸಮ ಬಂದರೆ ವಯಸ್ಸಾದವರೇ ಮೇಯರ್! ಜುಲೈ 4ರಂದು ಇಡೀ ದಿನ ಲೈವ್ ನೋಡಿದೆ. ಮೊದಲ ಸಲದ ಮತದಾನದಲ್ಲಿ ಇತ್ಯರ್ಥ ಆಗಲಿಲ್ಲ. ಬೇರೆ ಪಟ್ಟಿಯಿಂದ ಗೆದ್ದಿದ್ದ ಸಾಮಿಯಾ ಗಾಲಿ ಅವರ ಎಂಟು ಜನ ಸೇರಿದ ಮೇಲೆ ಕೂಟದ ಮಿಶೆಲ್ ರುಬಿರೋಲಾ 51 ಓಟಿನಿಂದ ಮೇಯರ್ ಆದರು. 101 ಸೀಟಿನ ಅರ್ಧ ದಾಟುವುದೂ ಅಷ್ಟಕ್ಕೇ. ಒಂದೊಂದು ಸೀಟಿಗೆ ಊರೇ ಉಸಿರು ಹಿಡಿದು ಕೂತಿದ್ದಾಗ, ಗೆಲ್ಲುವ ಕಡೆಯ ರಾಶಿಗೆ ಇನ್ನೊಂದು ಲಕೋಟೆ ಸೇರಿಸಿ, ಬೇಕಾಗಿದ್ದ ಕಡೆ ಇಲ್ಲದೇ ಹೋದೆನಲ್ಲ ಅನ್ನೋ ಸಂಕಟ ಇವತ್ತಿಗೂ ಇದೆ. ಅದೇ ಡಿಸೆಂಬರಿನಲ್ಲಿ ರುಬಿರೋಲಾ ಆರೋಗ್ಯದ ಕಾರಣಕ್ಕೆ ಇಳಿದರು, ಅದೇ ಕೂಟದ ಬೆನ್ವಾ ಪಾಯಾನ್ ಬಂದರು.

"ಮೇಯರ್ ಯಾರಾದರೇನು, ವಲಸೆ ಬಂದ ನಮಗೆ" ಅಂತಲೂ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದೇ ಇಲ್ಲ. ಬೆಂಗಳೂರಿನವರಿಗೆ ಹಾಗೆ ಅನ್ನಿಸೋದು ಸಹಜ, ಅಲ್ಲಿ ಮೇಯರ್ ಒಂದು ವರ್ಷಕ್ಕೆ ಬದಲಾಗುತ್ತಿದ್ದರು, ಅಧಿಕಾರ ಎಲ್ಲ ಕಮಿಷನರ್ ಕೈಯಲ್ಲಿ. 2015ರ ಆಗಸ್ಟ್‌ನಲ್ಲಿ ಬಿಬಿಎಂಪಿ ಚುನಾವಣೆ ನಡೆದದ್ದು, 2020ರ ಸೆಪ್ಟೆಂಬರಿಗೆ ಅದರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾಯಿತರೇ ಇಲ್ಲ. ಇಲ್ಲಿ ಮೇಯರ್‌ಗೆ ಆರು ವರ್ಷ. ಮಕ್ಕಳ ಶಾಲೆಯ ಕಟ್ಟಡ, ಮನೆ ಕಟ್ಟುವ ಪರ್ಮಿಟ್, ಬೀಳುವ ಹಾಗಿರುವ ಕಟ್ಟಡ ಖಾಲಿ ಮಾಡಿಸುವ ಆದೇಶ, ಎಲ್ಲ ಅವರದೇ. ಹಳೇ ಕಟ್ಟಡಗಳಲ್ಲಿ ಬಾಡಿಗೆಗೆ ಇರುವವರಲ್ಲಿ ನಮ್ಮಂತೆ ಹೊರಗಿಂದ ಬಂದವರು ಬಹಳ.

ಈ ಸಲ, ಅಂದರೆ 2026ರ ಮಾರ್ಚ್ 15 ಮತ್ತು 22ಕ್ಕೆ, ನಿಯಮ ಬೇರೆ. 2025ರ ಹೊಸ ಕಾನೂನಿನಿಂದ ಮಾರ್ಸೇಯವರಿಗೆ ಎರಡು ಓಟು, ಒಂದು ಸೆಕ್ಟರಿಗೆ, ಒಂದು ಇಡೀ ಊರಿನ ಕೌನ್ಸಿಲಿಗೆ. ಊರಿನ ಓಟು ಒಟ್ಟಾಗಿ ಎಣಿಕೆ ಆಗುತ್ತದೆ. ಅದರಲ್ಲಿ ಗೆದ್ದ ಪಟ್ಟಿಗೆ ನೇರವಾಗಿ ಸಿಗುವ ಬೋನಸ್ ಸೀಟು ಅರ್ಧದಿಂದ ಕಾಲು ಭಾಗಕ್ಕೆ ಇಳಿದಿದೆ. ಹಾಗಾದರೆ ವಿಳಾಸ ಯಾಕೆ ಅಂತೀರಾ? ನಿಮ್ಮ ಮಗುವಿನ ಕ್ರೆಶ್, ಪಾರ್ಕು ನೋಡಿಕೊಳ್ಳುವುದು ಸೆಕ್ಟರ್ ಕೌನ್ಸಿಲ್.

ಇನ್ನು ಯಾರಿಗೆ ಹಾಕೋದು. ಮೊದಲ ಸುತ್ತಿನಲ್ಲಿ ಇಷ್ಟವಾದವರಿಗೇ ಹಾಕಿ. ಪಾಯಾನ್, ವಾಸಾಲ್, ತೀವ್ರ ಬಲಪಂಥದ ಅಲಿಸಿಯೊ, ಎಲ್‌ಎಫ್‌ಐ ಎಡಪಕ್ಷದ ದೆಲೊಗು ಎಲ್ಲ ಕಣದಲ್ಲಿರುವಾಗ ಸರ್ವೆ ನೋಡಿ ಗೆಲ್ಲುವವರನ್ನು ಹುಡುಕಬೇಡಿ. ಶೇಕಡ 10 ದಾಟಿದ ಪಟ್ಟಿ ಎರಡನೇ ಸುತ್ತಿಗೆ ಹೋಗುತ್ತದೆ, ಶೇಕಡ 5 ದಾಟಿದ್ದು ಇನ್ನೊಂದರ ಜೊತೆ ಸೇರಬಹುದು. ಭಾನುವಾರ ರಾತ್ರಿಯಿಂದ ಮಂಗಳವಾರ ಸಂಜೆಯೊಳಗೆ ಚೌಕಾಸಿ ಮುಗಿಯುತ್ತದೆ. ಆ ಚೌಕಾಸಿಯಲ್ಲಿ ನಿಮ್ಮ ಪಟ್ಟಿಗೆ ತೂಕ ಕೊಡುವುದು ಮೊದಲ ಸುತ್ತಿನ ಓಟೇ. ಲೆಕ್ಕಾಚಾರ ಏನಿದ್ದರೂ ಎರಡನೇ ಸುತ್ತಿಗೆ ಇಟ್ಟುಕೊಳ್ಳಿ.

ಪೌರತ್ವ ಬಂದವರ ಹೆಸರು ತಾನಾಗೇ ಪಟ್ಟಿಗೆ ಸೇರುತ್ತದೆ, ನಿಜ. ಆದರೆ ಅರ್ಜಿ ಹಾಕಿದಾಗ ಇದ್ದ ಹಳೇ ಮನೆಯ ವಿಳಾಸಕ್ಕೇ ಸೇರಿರಬಹುದು. ಇವತ್ತೇ ಸರ್ಕಾರಿ ವೆಬ್‌ಸೈಟಿನಲ್ಲಿ ನೋಡಿ. ತಪ್ಪಿದ್ದರೆ ಪೌರತ್ವದ ಗುರುತಿನ ಚೀಟಿ ಮತ್ತು ಮೂರು ತಿಂಗಳೊಳಗಿನ ಕರೆಂಟ್ ಬಿಲ್ ಇಟ್ಟುಕೊಂಡು ಅರ್ಜಿ ಹಾಕಿ. ಆನ್‌ಲೈನ್‌ನಲ್ಲಾದರೆ 2026ರ ಫೆಬ್ರವರಿ 4 ಕೊನೆ, ಕಚೇರಿಗೆ ಹೋಗುವುದಾದರೆ ಫೆಬ್ರವರಿ 6.