ಹೆಸರು ಸೂಚಿಸುವ ಮುನ್ನ

ಪ್ರಶ್ನೆ: ಧರ್ಮ ಅಥವಾ ನಂಬಿಕೆಯ ಸ್ವಾತಂತ್ರ್ಯದ ರಕ್ಷಕರಿಗೆ ಕೊಡುವ ಪ್ರಶಸ್ತಿಗೆ ಪರಿಚಿತರೊಬ್ಬರ ಹೆಸರು ಕಳಿಸಬೇಕೆಂದಿದ್ದೇನೆ. ಅವರಿಗೆ ತಿಳಿಸದೆ ಕಳಿಸಬಹುದೇ? ಅರ್ಜಿಯಲ್ಲಿ ಏನಿರಬೇಕು?

ಉತ್ತರ: ತಿಳಿಸದೆ ಕಳಿಸಬೇಡಿ. ಪ್ರಶಸ್ತಿಯಿಂದ ಹೆಸರು ಬೆಳಕಿಗೆ ಬಂದಾಗ ಕೆಲವರಿಗೆ ರಕ್ಷಣೆ ಸಿಗುತ್ತದೆ, ಕೆಲವರ ಮೇಲೆ ಬೆದರಿಕೆ ಹೆಚ್ಚುತ್ತದೆ. ಯಾವುದಾದೀತು ಎಂಬುದನ್ನು ಸರಿಯಾಗಿ ಅಂದಾಜು ಮಾಡಬಲ್ಲವರು ಅವರೇ. ಒಪ್ಪಿಗೆ ಕೇಳುವಾಗ ಮೂರು ವಿಷಯ ಬಿಡಿಸಿ ಹೇಳಿ: ಹೆಸರು, ಫೋಟೊ ಎಲ್ಲೆಲ್ಲಿ ಪ್ರಕಟವಾಗುತ್ತವೆ, ವಿದೇಶದಿಂದ ಹಣ ಬಂದರೆ ಅವರ ದೇಶದ ಕಾನೂನಿನಲ್ಲಿ ತೊಡಕಿದೆಯೇ, ಸಮಾರಂಭಕ್ಕೆ ಹೋಗಿ ಮರಳುವುದು ಸುರಕ್ಷಿತವೇ. ಮನೆಯವರ ಅಭಿಪ್ರಾಯವನ್ನೂ ಕೇಳಲು ಹೇಳಿ, ಏಕೆಂದರೆ ಪರಿಣಾಮ ಅವರಿಗೂ ತಟ್ಟುತ್ತದೆ. ಇಂದು ಒಪ್ಪಿದವರು ನಾಳೆ ಬೇಡವೆಂದರೆ ಅರ್ಜಿ ಹಿಂಪಡೆಯಿರಿ. ಜೈಲಿನಲ್ಲಿರುವವರಾದರೆ ವಕೀಲರ ಮೂಲಕವೇ ಮಾತಾಡಿ. ನಡೆಯುತ್ತಿರುವ ಮೊಕದ್ದಮೆಗೆ ಅರ್ಜಿಯ ಒಂದೇ ಒಂದು ವಾಕ್ಯ ಮುಳುವಾಗಬಹುದು.

ಇನ್ನು ಬರವಣಿಗೆ. ಹೆಚ್ಚಿನ ಅರ್ಜಿಗಳು ಸೋಲುವುದು ಹೊಗಳಿಕೆ ಹೆಚ್ಚಾಗಿ, ಸಂಗತಿ ಕಡಿಮೆಯಾಗಿ. ‘ಮಹಾನ್ ಮಾನವತಾವಾದಿ’ ಎಂದರೆ ತೀರ್ಪುಗಾರರಿಗೆ ಏನೂ ತಿಳಿಯುವುದಿಲ್ಲ. ನೈಜೀರಿಯಾದ ಇಮಾಮ್ ಅಬೂಬಕರ್ ಅಬ್ದುಲ್ಲಾಹಿ ಅವರ ಕೆಲಸ ನೋಡಿ. 2018ರ ಜೂನ್‌ನಲ್ಲಿ ಪ್ಲಾಟೊ ರಾಜ್ಯದಲ್ಲಿ ದಾಳಿ ನಡೆದಾಗ 262 ಮಂದಿ ಕ್ರೈಸ್ತರನ್ನು ತಮ್ಮ ಮನೆಯಲ್ಲೂ ಮಸೀದಿಯಲ್ಲೂ ಬಚ್ಚಿಟ್ಟು ಉಳಿಸಿದರು. ಮರುವರ್ಷ ಅಮೆರಿಕದ ವಿದೇಶಾಂಗ ಇಲಾಖೆ ಧಾರ್ಮಿಕ ಸ್ವಾತಂತ್ರ್ಯ ಪ್ರಶಸ್ತಿ ನೀಡಿತು. ಯಾರು, ಯಾವಾಗ, ಎಲ್ಲಿ, ಎಷ್ಟು ಜನರನ್ನು, ಯಾವ ಅಪಾಯ ಎದುರಿಸಿ: ಇಷ್ಟು ಹೇಳಿದರೆ ವಿಶೇಷಣವೇ ಬೇಕಿಲ್ಲ. ನಿಮ್ಮ ಅರ್ಜಿಯಲ್ಲೂ ಎರಡೋ ಮೂರೋ ಘಟನೆಗಳನ್ನು ಆರಿಸಿ, ಪ್ರತಿಯೊಂದಕ್ಕೂ ಆಧಾರ ಜೋಡಿಸಿ. ಕೋರ್ಟ್ ಆದೇಶ, ಪತ್ರಿಕಾ ವರದಿ, ಕಣ್ಣಾರೆ ಕಂಡವರ ಹೇಳಿಕೆ, ಯಾವುದಾದರೂ ಸರಿ. ಶಿಫಾರಸು ಪತ್ರಗಳಲ್ಲಿ ಒಂದಾದರೂ ಅವರದಲ್ಲದ ಸಮುದಾಯದವರಿಂದ ಬಂದಿದ್ದರೆ ಅದರ ತೂಕವೇ ಬೇರೆ.

ಇಲ್ಲಿ ಆಗಾಗ ಆಗುವ ತಪ್ಪೊಂದಿದೆ: ನೆರವು ಪಡೆದವರ ಹೆಸರು, ಮುಖ, ಊರು ಹಾಗೇ ಉಳಿದುಬಿಡುತ್ತವೆ. ಮತಾಂತರಗೊಂಡವರೋ ತಲೆಮರೆಸಿಕೊಂಡವರೋ ಆಗಿದ್ದರೆ ಇದು ಜೀವಕ್ಕೇ ಕುತ್ತು. ಗುರುತು ಅಳಿಸಿ, ಫೋಟೊ ಕಡತದೊಳಗೆ ಅಡಗಿರುವ ಸ್ಥಳದ ವಿವರವನ್ನೂ ತೆಗೆದುಹಾಕಿ.

ಪ್ರಶ್ನೆ: ನಾಸ್ತಿಕರ ಹಕ್ಕಿಗಾಗಿ ಹೋರಾಡಿದವರು ಇದಕ್ಕೆ ಅರ್ಹರೇ?

ಉತ್ತರ: ಖಂಡಿತ ಅರ್ಹರಾಗಬೇಕು. ಅಂತರರಾಷ್ಟ್ರೀಯ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 18ನೇ ವಿಧಿಯು ದೇವರನ್ನು ನಂಬದವರನ್ನೂ, ಯಾವ ಧರ್ಮವನ್ನೂ ಒಪ್ಪದವರನ್ನೂ ಕಾಯುತ್ತದೆ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1993ರಲ್ಲೇ ಸ್ಪಷ್ಟಪಡಿಸಿದೆ. ಆದರೂ ಆಯಾ ಪ್ರಶಸ್ತಿಯ ನಿಯಮ ಓದಿಕೊಳ್ಳಿ.

ಪ್ರಶ್ನೆ: ತಮ್ಮ ಸಮುದಾಯಕ್ಕಾಗಿ ಮಾತ್ರ ದುಡಿದವರು?

ಉತ್ತರ: ಅದೂ ರಕ್ಷಣೆಯೇ, ಅದರಲ್ಲೂ ಆ ಸಮುದಾಯ ಚಿಕ್ಕದಾಗಿ ತುಳಿತಕ್ಕೊಳಗಾಗಿದ್ದಾಗ. ಆದರೆ ತಮಗೆ ಬೇಡುವ ಹಕ್ಕನ್ನೇ ನೆರೆಯವರಿಗೆ ನಿರಾಕರಿಸಿದ ಭಾಷಣವೋ ಬರಹವೋ ಇದ್ದರೆ ಆ ಹೆಸರು ಕಳಿಸಬೇಡಿ. ಅವರ ಹಳೆಯ ಮಾತುಗಳನ್ನು ನೀವೇ ಮೊದಲು ಹುಡುಕಿ ಓದಿ.